ಸೌತ್ ಎಂಡ್‌ನ ಇಟ್ಟಿಗೆ ಗೋಡೆಗೆ ಮರಳಿ ಸುಣ್ಣದ ಗಾರೆ

ಬಾಸ್ಟನ್ ನಗರದ ಸೌತ್ ಎಂಡ್ ಬಡಾವಣೆಯಲ್ಲಿ, ಅಕ್ಕಪಕ್ಕದ ಗೋಡೆಗಳನ್ನು ಹಂಚಿಕೊಂಡು ನಿಂತಿರುವ ವಿಕ್ಟೋರಿಯನ್ ಕಾಲದ ಸಾಲುಮನೆಗಳಲ್ಲಿ ನಮ್ಮದೂ ಒಂದು. ಈ ಪ್ರದೇಶ 1973ರಲ್ಲಿ ಅಮೆರಿಕದ ಐತಿಹಾಸಿಕ ತಾಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. 1983ರಲ್ಲಿ ನಗರದ ಸಂರಕ್ಷಿತ ಪ್ರದೇಶವೂ ಆಯಿತು. ಆದ್ದರಿಂದ ಬೀದಿಯತ್ತ ಬಿಲ್ಲಿನಂತೆ ಬಾಗಿರುವ ಮುಂಗೋಡೆಯನ್ನು ಮುಟ್ಟುವ ಮೊದಲು ಅನುಮತಿ ಪಡೆದೆ.

ಹಿಂದೆ ಯಾರೋ ಇಟ್ಟಿಗೆಗಳ ಸಂದುಗಳಿಗೆ ಗಟ್ಟಿ ಸಿಮೆಂಟ್ ಮೆತ್ತಿದ್ದರು. ಅಮೆರಿಕದಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ, ಅಂದರೆ ಇಂದಿನ ಸಾಮಾನ್ಯ ಗಟ್ಟಿ ಸಿಮೆಂಟಿಗೆ, ಪೇಟೆಂಟ್ ದೊರೆತದ್ದು 1871ರಲ್ಲಿ. ಅದಕ್ಕಿಂತ ಹಳೆಯದಾದ ನಮ್ಮ ಮನೆ ಸುಣ್ಣ ಮತ್ತು ಮರಳಿನ ಗಾರೆಯಲ್ಲಿ ಕಟ್ಟಿದ್ದು. ಗೋಡೆಯೊಳಗೆ ಸೇರಿದ ತೇವ ಸುಣ್ಣದ ಸಂದಿನ ಮೂಲಕ ಆರಿಹೋಗುತ್ತದೆ. ಸಿಮೆಂಟ್ ಆ ದಾರಿಯನ್ನು ಮುಚ್ಚಿದಾಗ ನೀರು ಇಟ್ಟಿಗೆಯಲ್ಲೇ ಉಳಿದು, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿ, ಇಟ್ಟಿಗೆಯ ಮುಖವನ್ನೇ ಸಿಡಿಸುತ್ತದೆ. ಮೆಟ್ಟಿಲ ಪಕ್ಕದ ಇಟ್ಟಿಗೆಗಳನ್ನು ಹೆಬ್ಬೆರಳಿನಿಂದ ಉಜ್ಜಿದರೆ ಕೆಂಪು ಹುಡಿ ಉದುರುತ್ತಿತ್ತು. ಅವುಗಳ ಸುತ್ತ ಸಿಮೆಂಟ್ ಮಾತ್ರ ಏಣಿನಂತೆ ಎದ್ದು ನಿಂತಿತ್ತು.

ಕೆಲಸಕ್ಕೆ ಮುನ್ನ ಬಿರುಕುಗಳನ್ನು ಪರೀಕ್ಷಿಸಿದೆ. ತಗ್ಗು ನೆಲವನ್ನು ಮಣ್ಣು ತುಂಬಿ ಎತ್ತರಿಸಿದ ಈ ಭಾಗದಲ್ಲಿ ಅನೇಕ ಮನೆಗಳು ನೆಲದೊಳಗೆ ಹೂತ ಮರದ ಕಂಬಗಳ ಮೇಲೆ ನಿಂತಿವೆ. ಅಂತರ್ಜಲ ಇಳಿದರೆ ಕಂಬಗಳ ತಲೆ ಗಾಳಿಗೆ ತೆರೆದುಕೊಂಡು ಕೊಳೆಯುತ್ತದೆ, ಮನೆ ಕುಸಿಯತೊಡಗುತ್ತದೆ. ಅಂಥ ಕುಸಿತವಿದ್ದರೆ ಸಂದು ತುಂಬಿ ಏನೂ ಪ್ರಯೋಜನವಿಲ್ಲ. ಕುಸಿತದ ಗುರುತಾದ, ಮೆಟ್ಟಿಲು ಮೆಟ್ಟಿಲಾಗಿ ಏರುವ ಬಿರುಕು ನಮ್ಮ ಗೋಡೆಯಲ್ಲಿ ಕಾಣಲಿಲ್ಲ.

ಮುಂಗೋಡೆಯ ಸಂದುಗಳು ತೀರಾ ಕಿರಿದು. ಯಂತ್ರದ ಗರಗಸ ಇಟ್ಟಿಗೆಯ ಅಂಚನ್ನು ತಿಂದುಹಾಕುವುದರಿಂದ ತೆಳು ಉಳಿಯನ್ನೇ ಹಿಡಿದು, ಸಂದಿನ ಅಗಲದ ಎರಡೂವರೆ ಪಟ್ಟು ಆಳಕ್ಕೆ ಕೆತ್ತಿದೆ. ನಿಧಾನದ ಕೆಲಸ, ಆದರೆ ಬೇರೆ ದಾರಿ ನನಗೆ ಒಪ್ಪಿಗೆಯಿರಲಿಲ್ಲ. ಧೂಳು ತೆಗೆದು, ಇಟ್ಟಿಗೆಗೆ ನೀರುಣಿಸಿ, ನುಣ್ಣನೆಯ ಮರಳು ಬೆರೆಸಿದ ಸುಣ್ಣದ ಗಾರೆಯನ್ನು ಪದರ ಪದರವಾಗಿ ಒತ್ತಿದೆ. ಹಳೆಯ ಬಣ್ಣಕ್ಕೆ ಹೊಂದುವ ಮರಳಿಗಾಗಿ ಮೊದಲೇ ಮಾದರಿಗಳನ್ನು ಮಾಡಿ, ಪೂರ್ತಿ ಒಣಗಿದ ಮೇಲೆ ಹೋಲಿಸಿ ನೋಡಿದ್ದೆ. ಹಸಿ ಗಾರೆಯ ಬಣ್ಣವನ್ನು ನಂಬಬಾರದು.

ಸುಣ್ಣ ಗಟ್ಟಿಯಾಗಲು ಗಾಳಿಯ ಇಂಗಾಲದ ಡೈಆಕ್ಸೈಡ್ ಬೇಕು, ಜೊತೆಗೆ ಹದವಾದ ತೇವವೂ ಬೇಕು. ಹಾಗಾಗಿ ಒದ್ದೆ ಗೋಣಿತಟ್ಟು ಹೊದಿಸಿ ಬಿಸಿಲಿನಿಂದ ಕಾಪಾಡಿದೆ. ಹಿಮ ಬೀಳುವ ಊರಿನಲ್ಲಿ ಈ ಕೆಲಸವನ್ನು ಶರತ್ಕಾಲದ ಕೊನೆಗೆ ಇಟ್ಟುಕೊಳ್ಳಲೇಬಾರದು, ಏಕೆಂದರೆ ಎಳೆಯ ಗಾರೆ ಹೆಪ್ಪುಗಟ್ಟಿದರೆ ಪುಡಿಯಾಗುತ್ತದೆ. ಹಿಂಗೋಡೆಯನ್ನು ಮುಂದಿನ ಬೇಸಿಗೆಯ ಆರಂಭದಲ್ಲೇ ಕೈಗೆತ್ತಿಕೊಳ್ಳುತ್ತೇನೆ.