ಅರಣ್ಯ ಹಕ್ಕು ಅರ್ಜಿಗೆ ತಿರಸ್ಕಾರದ ಹಿಂಬರಹ ಬಂದರೆ: ಎಐ ನೆರವು ಪಡೆಯುವ ಬಗೆ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಸಾಗುವಳಿದಾರರೊಬ್ಬರಿಗೆ ಅರಣ್ಯ ಹಕ್ಕು ಅರ್ಜಿ ತಿರಸ್ಕೃತವಾದ ಹಿಂಬರಹ ಬಂದಿದೆ ಎಂದುಕೊಳ್ಳೋಣ. ವಕೀಲರ ಬಳಿಗೆ ಹೋಗುವ ಮೊದಲು ಮನೆಯ ಮಕ್ಕಳು ಮೊಬೈಲಿನಲ್ಲಿ ಚಾಟ್‌ಜಿಪಿಟಿಯನ್ನೋ ಜೆಮಿನಿಯನ್ನೋ ಕೇಳಿ ನೋಡುವುದು ಈಗ ಸಹಜ. ಆದರೆ ‘ನಮಗೆ ಜಮೀನು ಸಿಗುತ್ತದೆಯೇ’ ಎಂದು ಕೇಳಿದರೆ ಬರುವುದು ಭರವಸೆಯ ಮಾತೇ ಹೊರತು ಕಾನೂನಿನ ಉತ್ತರವಲ್ಲ. ಕಾನೂನು ವಿಧಿಸುವ ಷರತ್ತುಗಳನ್ನು ಒಂದೊಂದಾಗಿ ಬಿಡಿಸಿ, ಪ್ರತಿಯೊಂದರ ಎದುರು ನಮ್ಮ ದಾಖಲೆ ಏನಿದೆ ಎಂದು ಹೊಂದಿಸಿ ನೋಡುವ ಕೆಲಸಕ್ಕೆ ಮಾತ್ರ ಈ ಸಾಧನವನ್ನು ಬಳಸಬೇಕು.

ಮೊದಲಿಗೆ ಹಿಂಬರಹದಲ್ಲಿ ಕೊಟ್ಟಿರುವ ಕಾರಣವನ್ನು ಅಕ್ಷರ ಬಿಡದೆ ಟೈಪ್ ಮಾಡಿ, ಆದೇಶದ ದಿನಾಂಕವನ್ನು ಸೇರಿಸಿ. ಹೆಸರು, ಆಧಾರ್ ಸಂಖ್ಯೆ, ಸರ್ವೆ ನಂಬರುಗಳನ್ನು ತೆಗೆದುಹಾಕಿ. ವಿಶ್ಲೇಷಣೆಗೆ ಅವು ಬೇಕಾಗುವುದಿಲ್ಲ. ಅರ್ಜಿ ಯಾವ ಕಾನೂನಿನಡಿ ಸಲ್ಲಿಕೆಯಾಗಿತ್ತು ಎಂಬುದನ್ನು ಮಾತ್ರ ಸ್ಪಷ್ಟವಾಗಿ ಹೇಳಲೇಬೇಕು. ಮಲೆನಾಡಿನಲ್ಲಿ ಒಂದೇ ಊರಿನ ಒಬ್ಬರು 2006ರ ಅರಣ್ಯ ಹಕ್ಕು ಕಾಯ್ದೆಯಡಿ, ಇನ್ನೊಬ್ಬರು ಭೂಕಂದಾಯ ಕಾಯ್ದೆಯಡಿ ನಮೂನೆ 53 ಅಥವಾ 57ರಲ್ಲಿ ಬಗರ್‌ಹುಕುಂ ಸಕ್ರಮಕ್ಕೆ ಅರ್ಜಿ ಹಾಕಿರುತ್ತಾರೆ. ಲಿಂಗನಮಕ್ಕಿ ಜಲಾಶಯದಿಂದ ಎದ್ದು ಬಂದ ಮುಳುಗಡೆ ಕುಟುಂಬಗಳ ಹಕ್ಕಿನ ಪ್ರಶ್ನೆಯೇ ಬೇರೆ. ನಾವು ಬೇರ್ಪಡಿಸಿ ಹೇಳದಿದ್ದರೆ ಯಂತ್ರ ಈ ಮೂರನ್ನೂ ಕಲಸಿ ಉತ್ತರಿಸುವ ಸಾಧ್ಯತೆ ಹೆಚ್ಚು.

ಎರಡನೆಯದಾಗಿ, ಕಾನೂನಿನ ಪಠ್ಯವನ್ನು ನಾವೇ ಒದಗಿಸಬೇಕು. ಕೇಂದ್ರ ಸರ್ಕಾರದ ಇಂಡಿಯಾ ಕೋಡ್ ಜಾಲತಾಣದಲ್ಲಿ ಕಾಯ್ದೆ ಉಚಿತವಾಗಿ ಸಿಗುತ್ತದೆ. ಅದರ ಜೊತೆಗೆ 2008ರ ನಿಯಮಗಳನ್ನು, 2012ರ ತಿದ್ದುಪಡಿ ಸೇರಿದ ಪ್ರತಿಯನ್ನೇ ನೋಡಿ, ಅಪ್‌ಲೋಡ್ ಮಾಡಿ, ‘ಈ ಕಡತಗಳ ಆಚೆಯ ಮಾಹಿತಿ ಬಳಸಬೇಡ, ಪ್ರತಿ ಮಾತಿಗೂ ಸೆಕ್ಷನ್ ಸಂಖ್ಯೆಯನ್ನೂ ಮೂಲ ಸಾಲನ್ನೂ ಕೊಡು’ ಎಂದು ಸೂಚಿಸಿ. ಹೀಗೆ ಸೂಚಿಸಿದರೂ ತಪ್ಪು ನುಸುಳಬಹುದು, ಆದರೆ ಅದನ್ನು ಹಿಡಿಯುವುದು ಸುಲಭವಾಗುತ್ತದೆ.

ಮೂರನೆಯ ಹಂತದಲ್ಲಿ ಆತುರ ಕೂಡದು. ಅರ್ಜಿದಾರರು ‘ಇತರೆ ಪಾರಂಪರಿಕ ಅರಣ್ಯವಾಸಿ’ಯಾಗಿದ್ದರೆ, ಅಂದರೆ ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಯಾಗಿದ್ದರೆ, ಎರಡು ಷರತ್ತುಗಳು ಮುಖ್ಯ. ಸೆಕ್ಷನ್ 2ರ ವ್ಯಾಖ್ಯೆಯ ಪ್ರಕಾರ 13 ಡಿಸೆಂಬರ್ 2005ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅರಣ್ಯದಲ್ಲಿ ವಾಸ ಮತ್ತು ಅದರ ಅವಲಂಬನೆ ಇರಬೇಕು. ಸೆಕ್ಷನ್ 4(3) ಹೇಳುವುದು ಭೂಮಿಯ ಸ್ವಾಧೀನದ ವಿಷಯ. ಅದು 13 ಡಿಸೆಂಬರ್ 2005ಕ್ಕಿಂತ ಮೊದಲಿನದಾಗಿದ್ದರೆ ಸಾಕು. ಅಂದರೆ 75 ವರ್ಷದ ಲೆಕ್ಕ ವಾಸಕ್ಕೆ ಅನ್ವಯಿಸುತ್ತದೆಯೇ ಹೊರತು ಈಗ ಉಳುತ್ತಿರುವ ಆ ತುಂಡು ಭೂಮಿಗಲ್ಲ. ‘75 ವರ್ಷದ ಸಾಗುವಳಿ ದಾಖಲೆ ಇಲ್ಲ’ ಎಂಬ ಒಂದೇ ಕಾರಣಕ್ಕೆ ಅರ್ಜಿ ಬಿದ್ದಿದ್ದರೆ ವಾದ ಹುಟ್ಟುವುದು ಇಲ್ಲಿಂದಲೇ. ಹಸಲರಂಥ ಪರಿಶಿಷ್ಟ ಪಂಗಡದ ಅರ್ಜಿದಾರರಿಗೆ ಈ ಮೂರು ತಲೆಮಾರಿನ ಷರತ್ತೇ ಇಲ್ಲ. ಆದ್ದರಿಂದ ಷರತ್ತು, ಲಭ್ಯ ದಾಖಲೆ, ಕೊರತೆ ಎಂಬ ಮೂರು ಅಂಕಣಗಳ ಪಟ್ಟಿ ಮಾಡಿಕೊಡಲು ಎಐಗೆ ಹೇಳಿ, ಈ ಎರಡು ಷರತ್ತುಗಳನ್ನು ಅದು ಬೇರೆಬೇರೆ ಸಾಲಿನಲ್ಲಿ ಇಟ್ಟಿದೆಯೇ ಎಂದು ಪರಿಶೀಲಿಸಿ. ಪುರಾವೆಯ ಅಂಕಣದಲ್ಲಿ ಸರ್ಕಾರಿ ಕಾಗದಗಳಷ್ಟೇ ತುಂಬಿದ್ದರೆ 13ನೇ ನಿಯಮವನ್ನು ಮತ್ತೆ ಓದಲು ಹೇಳಿ: ಅರ್ಜಿದಾರರಲ್ಲದ ಊರಿನ ಹಿರಿಯರ ಲಿಖಿತ ಹೇಳಿಕೆಗೂ ಹಳೆಯ ಮನೆ, ಬಾವಿ, ಸ್ಮಶಾನದಂಥ ಕುರುಹುಗಳಿಗೂ ಅಲ್ಲಿ ಜಾಗವಿದೆ. ಉಪಗ್ರಹ ಚಿತ್ರ ಬೇರೆ ಪುರಾವೆಗೆ ಪೂರಕವಾಗಬಹುದು, ಬದಲಿಯಾಗಲಾರದು ಎಂದು 2012ರ ತಿದ್ದುಪಡಿ ಹೇಳುತ್ತದೆ.

ಆಮೇಲೆ ಅದೇ ಸಂಭಾಷಣೆಯಲ್ಲಿ ‘ಈಗ ಅರಣ್ಯ ಇಲಾಖೆಯ ಪರವಾಗಿ ವಾದಿಸು’ ಎಂದು ಕೇಳಿ. ಬಳಕೆದಾರನ ಮಾತಿಗೆ ತಲೆದೂಗುವ ಚಾಳಿ ಈ ಸಾಧನಗಳಿಗಿದೆ; ನಮ್ಮ ಕಡತದ ದುರ್ಬಲ ಜಾಗ ಗೊತ್ತಾಗುವುದು ಹೀಗೆ ಕೇಳಿದಾಗಲೇ.

ತೀರ್ಪುಗಳ ವಿಷಯದಲ್ಲಿ ಮಾತ್ರ ಎಐ ಹೇಳಿದ್ದನ್ನು ಪರಿಶೀಲಿಸದೆ ನಂಬಲೇಬಾರದು. ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯದಲ್ಲಿ ಚಾಟ್‌ಜಿಪಿಟಿ ಸೃಷ್ಟಿಸಿದ, ಎಲ್ಲಿಯೂ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ 2023ರಲ್ಲಿ 5,000 ಡಾಲರ್ ದಂಡ ಬಿತ್ತು. ಸುಪ್ರೀಂ ಕೋರ್ಟಿನ ತೀರ್ಪುಗಳು ಇ-ಎಸ್‌ಸಿಆರ್ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅಲ್ಲಿ ತೀರ್ಪನ್ನು ತೆರೆದು, ಎಐ ಹೇಳಿದ ಮಾತು ಯಾವ ಪ್ಯಾರಾದಲ್ಲಿದೆ ಎಂದು ಕಣ್ಣಾರೆ ನೋಡದೆ ಬರೆದುಕೊಳ್ಳಬೇಡಿ.

ಗಡುವನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಎಣಿಸಿ. ಗ್ರಾಮ ಸಭೆಯ ನಿರ್ಣಯದ ವಿರುದ್ಧ ಉಪವಿಭಾಗ ಮಟ್ಟದ ಸಮಿತಿಗೂ, ಆ ಸಮಿತಿಯ ತೀರ್ಮಾನದ ವಿರುದ್ಧ ಜಿಲ್ಲಾ ಮಟ್ಟದ ಸಮಿತಿಗೂ ಅರ್ಜಿ ಸಲ್ಲಿಸಲು ತಲಾ 60 ದಿನಗಳ ಕಾಲಾವಕಾಶವಿದೆ. ಪಟ್ಟಿ ಪೂರ್ಣವಾಗಲಿ ಎಂದು ಕಾಯುತ್ತ ಕೂರದೆ, ಕೊರತೆಯ ಅಂಕಣ ಖಾಲಿ ಇದ್ದರೂ ತುಂಬಿದ್ದರೂ ಅದರ ಮುದ್ರಿತ ಪ್ರತಿಯನ್ನು ಮೂಲ ಹಿಂಬರಹದೊಂದಿಗೆ ವಕೀಲರಿಗೆ ತೋರಿಸಿ. ಶುಲ್ಕ ಭರಿಸಲಾಗದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅಥವಾ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅಲ್ಲಿ ಆದಾಯ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ. ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 15100.