ಎಲೆಕ್ಟ್ರಿಕ್ ವಾಟರ್ ಪಂಪ್: ಕೈಕೊಡುವ ಮೊದಲೇ ಬದಲಿಸುವ ಲೆಕ್ಕ

ವಾಟರ್ ಪಂಪ್ ಅಂದರೆ ಎಂಜಿನ್ನನ್ನು ತಣಿಸುವ ಕೂಲಂಟನ್ನು ಸುತ್ತಿಸುವ ಪಂಪ್. ಬೆಲ್ಟಿನಿಂದ ತಿರುಗುವ ಹಳೆಯ ಪಂಪ್ ಹೋಗುವ ಮೊದಲು ಹೇಳಿ ಹೋಗುತ್ತದೆ. ಬೇರಿಂಗ್ ಕಿರುಗುಟ್ಟುತ್ತದೆ, ಸೀಲಿನ ಕೆಳಗಿನ ತೂತಿನಿಂದ ಕೂಲಂಟ್ ತೊಟ್ಟಿಕ್ಕುತ್ತದೆ, ಪುಲ್ಲಿ ಅಲ್ಲಾಡುತ್ತದೆ. ಎಲೆಕ್ಟ್ರಿಕ್ ಪಂಪ್ ಬೆಳಗ್ಗೆ ಸರಿಯಾಗಿಯೇ ಇರುತ್ತದೆ, ಮಧ್ಯಾಹ್ನ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅದೂ ನಿಂತುಬಿಡುತ್ತದೆ. ಹಾಗಾಗಿ ನಾನು ಇದನ್ನು ಟೈರು, ಬ್ರೇಕ್ ಪ್ಯಾಡುಗಳ ಸಾಲಿಗೆ ಸೇರಿಸಿದ್ದೇನೆ. 80,000 ಕಿಲೋಮೀಟರ್ ಅಥವಾ 8 ವರ್ಷ, ಯಾವುದು ಮೊದಲು ಬರುತ್ತದೋ ಆಗ ಬದಲಿಸುವುದು. ಟ್ರ್ಯಾಕಿಗೆ ಹೋಗುವ ಕಾರಾದರೆ 60,000ಕ್ಕೇ.

ಕೆಳಗೆ ಬರೆದಿರುವುದು ಬಿಎಂಡಬ್ಲ್ಯುವಿನ ಎನ್54 ಎಂಜಿನ್ನನ್ನು ಎದುರಿಗಿಟ್ಟುಕೊಂಡು. 335ಐ ಕಾರಿನಲ್ಲೂ ಝಡ್4ರ 35ಐ ಮಾದರಿಯಲ್ಲೂ ಇರುವ 3 ಲೀಟರಿನ, ಎರಡು ಟರ್ಬೋಗಳ ಆರು ಸಿಲಿಂಡರ್ ಎಂಜಿನ್ ಅದು. ನಮ್ಮಲ್ಲಿ ಸೆಕೆಂಡ್ ಹ್ಯಾಂಡ್ ಸಿಗುವ 325ಐ, 530ಐ ಕಾರುಗಳ ಎನ್52ಕ್ಕೂ ಬಹುಪಾಲು ಇದೇ ಕ್ರಮ. ಎನ್52ರ ಪಂಪ್ 200 ವ್ಯಾಟಿನದು. ಎನ್54ರದ್ದು 400 ವ್ಯಾಟ್, ಗಂಟೆಗೆ 9,000 ಲೀಟರ್ ವರೆಗೆ ಕೂಲಂಟ್ ತಳ್ಳುತ್ತದೆ.

ಒಳಗೇನಿದೆ ಅಂತ ಗೊತ್ತಿದ್ದರೆ ಯಾಕೆ ಕೆಡುತ್ತದೆ ಅನ್ನುವುದೂ ಗೊತ್ತಾಗುತ್ತದೆ. ಮೋಟಾರಿಗೆ ಬ್ರಷ್ ಇಲ್ಲ, ಶಾಫ್ಟ್ ಸೀಲ್ ಇಲ್ಲ. ರೋಟರ್ ಕೂಲಂಟಿನೊಳಗೇ ಮುಳುಗಿ ತಿರುಗುತ್ತದೆ, ಅದರ ಬುಷ್‌ಗೆ ಕೂಲಂಟೇ ಎಣ್ಣೆ. ಹಿಂಬದಿಯಲ್ಲಿ ಸರ್ಕ್ಯೂಟ್ ಬೋರ್ಡ್ ಕೂತಿದೆ, ಅದನ್ನು ತಣ್ಣಗಿಡುವುದೂ ಅದೇ ಕೂಲಂಟ್. ತಣ್ಣಗೆ ಅಂದರೆ ಎಷ್ಟು? ಹಗುರವಾಗಿ ಓಡಿಸುವಾಗ ಪೆಟ್ರೋಲ್ ಉಳಿಸಲೆಂದು ಈ ಎಂಜಿನ್ನುಗಳ ಕಂಪ್ಯೂಟರ್ (ಇಸಿಯು) ಕೂಲಂಟನ್ನು 105 ಡಿಗ್ರಿಗೆ, ಕೆಲವೊಮ್ಮೆ 112ಕ್ಕೂ ಏರಲು ಬಿಡುತ್ತದೆ. ಆ ಬಿಸಿಯಲ್ಲಿ ಬೋರ್ಡು ದಿನಕ್ಕೆ ಹತ್ತು ಸಲ ಕಾದು ಹತ್ತು ಸಲ ಆರುತ್ತದೆ. ವರ್ಷಗಟ್ಟಲೆ ಹಾಗೆ ಹಿಗ್ಗಿ ಕುಗ್ಗಿದ ಸೋಲ್ಡರ್ ಜಾಯಿಂಟು ಒಂದು ದಿನ ಬಿಡುತ್ತದೆ. ಇದು ವಯಸ್ಸಿನ ಸಾವು, ತಡೆಯಲಾಗದು.

ತಡೆಯಬಹುದಾದವು ಮೂರು: ನೀರು, ಗಾಳಿ, ವೋಲ್ಟೇಜು.

ನೀರಿನದು ನಮ್ಮೂರಿನ ಖಾಯಿಲೆ. ಕೂಲಂಟ್ ಸ್ವಲ್ಪ ಇಳಿದಿದೆ ಅಂತ ಬೋರ್ ನೀರು ಸುರಿಯುವವರು ಈಗಲೂ ಇದ್ದಾರೆ. ಗೀಸರಿನ ಕಾಯಿಲ್ ಮೇಲೆ ಬಿಳಿ ಉಪ್ಪು ಕಟ್ಟುವಂತೆಯೇ ಪಂಪಿನ ರೋಟರಿನ ಸುತ್ತಲೂ ಕಟ್ಟುತ್ತದೆ. ಅಲ್ಲಿ ಸಂದು ಬಹಳ ಸಣ್ಣದು. ಉಪ್ಪಿನ ಪುಡಿ ಬುಷ್ ಉಜ್ಜಿ ಹಾಕುತ್ತದೆ, ಪಂಪ್ ಹೆಚ್ಚು ಕರೆಂಟ್ ಎಳೆಯುತ್ತದೆ, ಬೋರ್ಡ್ ಇನ್ನಷ್ಟು ಕಾಯುತ್ತದೆ. ಕಂಪನಿ ಹೇಳುವ ನೀಲಿ ಜಿ48 ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಬೇರೆ ಬಣ್ಣದ್ದನ್ನು ಬೆರೆಸಬೇಡಿ. ಬ್ಯಾಟರಿಗೆ ಹಾಕುವ ನೀರಿನ ಕ್ಯಾನು ಸಾಕು, ಆದರೆ ಸೀಲ್ ಆದದ್ದೇ ಇರಲಿ.

ವೋಲ್ಟೇಜನ್ನು ಯಾರೂ ನೋಡುವುದಿಲ್ಲ. 400 ವ್ಯಾಟ್ ಅಂದರೆ 13.5 ವೋಲ್ಟಿಗೆ ಸುಮಾರು 30 ಆಂಪ್. ಕನೆಕ್ಟರಿನ ಪಿನ್ನಿನಲ್ಲಿ ಬರೀ 0.02 ಓಮ್ ತುಕ್ಕು ಕೂತರೂ 0.6 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ, ಆ ಒಂದೇ ಪಿನ್ನಿನಲ್ಲಿ 18 ವ್ಯಾಟ್ ಶಾಖ ಹುಟ್ಟುತ್ತದೆ. ಸಣ್ಣ ಸೋಲ್ಡರಿಂಗ್ ಐರನ್ ಒಂದನ್ನು ಪ್ಲಾಸ್ಟಿಕ್ಕಿಗೆ ಒತ್ತಿಟ್ಟ ಹಾಗೆ. ಹಳೆಯ ಪಂಪ್ ಕಳಚಿದಾಗ ನಾನು ಮೊದಲು ನೋಡುವುದು ಕನೆಕ್ಟರಿನ ದಪ್ಪ ಪಿನ್ನುಗಳನ್ನು. ಸುತ್ತಲಿನ ಪ್ಲಾಸ್ಟಿಕ್ ಕಂದು ತಿರುಗಿದ್ದರೆ ಹೊಸ ಪಂಪಿಗೆ ಹಳೆಯ ಪ್ಲಗ್ ಸಿಕ್ಕಿಸಬಾರದು. ವೈರಿನ ತುದಿ ಕತ್ತರಿಸಿ ಹೊಸ ಪ್ಲಗ್ ಕ್ರಿಂಪ್ ಮಾಡಿಸಬೇಕು. ಆಮೇಲೆ ಪಂಪ್ ಪೂರಾ ವೇಗದಲ್ಲಿರುವಾಗ ಬ್ಯಾಟರಿಯ ಪ್ಲಸ್‌ನಿಂದ ಪಂಪಿನ ಪ್ಲಸ್‌ವರೆಗೆ ಮೀಟರ್ ಹಿಡಿದರೆ 0.3 ವೋಲ್ಟಿಗಿಂತ ಹೆಚ್ಚು ತೋರಿಸಬಾರದು. ಅರ್ಥಿನ ಕಡೆಯೂ ಅಷ್ಟೇ.

ಈಗ ಬದಲಿಸುವ ಕೆಲಸ. ಪಂಪ್ ಇರುವುದು ಎಂಜಿನ್ನಿನ ಮುಂದೆ, ಕೆಳಗೆ, ಎಕ್ಸಾಸ್ಟ್ ಬದಿಗೆ. ಕೈ ಹೋಗುವುದು ಕೆಳಗಿನಿಂದಲೇ. ಕಾರು ಪೂರ್ತಿ ಆರಿರಬೇಕು, ನಾಲ್ಕು ಜಾಕ್ ಸ್ಟ್ಯಾಂಡ್ ಮೇಲೆ ಸಮತಟ್ಟಾಗಿ ಕೂತಿರಬೇಕು. ಬ್ಯಾಟರಿಯ ಮೈನಸ್ ತೆಗೆಯಿರಿ. ಅಂಡರ್ ಟ್ರೇ ಬಿಚ್ಚಿ, ಆಂಟಿ ರೋಲ್ ಬಾರಿನ ಬ್ರಾಕೆಟ್ಟುಗಳನ್ನು ಸಡಿಲಿಸಿ ಬಾರನ್ನು ಕೆಳಗಿಳಿಸಿ. ಅಗಲವಾದ ಟಬ್ ಇಟ್ಟುಕೊಳ್ಳಿ, ಐದಾರು ಲೀಟರ್ ಕೂಲಂಟ್ ಸುರಿಯುತ್ತದೆ, ಅದರಲ್ಲಿ ಅರ್ಧ ನಿಮ್ಮ ತೋಳಿನ ಮೇಲೆ. ಪಂಪಿಗೆ ಅಂಟಿಕೊಂಡಂತೆಯೇ, ಬಿಸಿ ನೋಡಿ ಕೂಲಂಟಿನ ದಾರಿ ತೆರೆದು ಮುಚ್ಚುವ ಥರ್ಮೋಸ್ಟಾಟ್ ಇದೆ, ಅದನ್ನೂ ಜೊತೆಗೇ ಹೊಸದು ಹಾಕಿ. ದುಡ್ಡು ಉಳಿಸಲು ಅದನ್ನು ಬಿಟ್ಟವರು ಒಂದೆರಡು ವರ್ಷದಲ್ಲಿ ಇದೇ ಕೆಲಸವನ್ನು ಮತ್ತೆ ಮಾಡುತ್ತಾರೆ.

ಬೋಲ್ಟುಗಳ ವಿಷಯದಲ್ಲಿ ಹುಷಾರು. ಎನ್52ರ ಬ್ಲಾಕಿನ ಹೊರಮೈ ಮೆಗ್ನೀಸಿಯಂ. ಅದಕ್ಕೆ ಉಕ್ಕಿನ ಬೋಲ್ಟ್ ಹಾಕಿದರೆ ಎರಡು ಲೋಹಗಳ ನಡುವೆ ತುಕ್ಕು ಹಿಡಿದು ಬ್ಲಾಕಿನ ಥ್ರೆಡ್ಡೇ ತಿಂದುಹೋಗುತ್ತದೆ. ಅದಕ್ಕೇ ಅಲ್ಲಿ ಅಲ್ಯೂಮಿನಿಯಂ ಬೋಲ್ಟು, ಒಂದು ಸಲ ಬಿಗಿದರೆ ಹಿಗ್ಗಿಬಿಡುವಂಥದ್ದು. ಹಳೆಯದನ್ನು ಮತ್ತೆ ಹಾಕಿದರೆ ತಲೆ ತುಂಡಾಗುತ್ತದೆ. ಪಂಪಿನ ಜೊತೆಗೇ ಬೋಲ್ಟ್ ಸೆಟ್ ತರಿಸಿ, ಮೊದಲು ಟಾರ್ಕ್ ರೆಂಚಿನಲ್ಲಿ, ಆಮೇಲೆ ಮ್ಯಾನುಯಲ್ ಹೇಳುವಷ್ಟು ಕೋನಕ್ಕೆ ತಿರುಗಿಸಿ. ಕೈಯಂದಾಜು ಇಲ್ಲಿ ನಡೆಯುವುದಿಲ್ಲ.

ಪಂಪ್ ಪಿಯರ್‌ಬರ್ಗ್‌ನಂಥ ಮೂಲ ತಯಾರಕರದ್ದೇ ಇರಲಿ. ಅರ್ಧ ಬೆಲೆಗೆ ಬರುವ ಹೆಸರಿಲ್ಲದ ಪೆಟ್ಟಿಗೆಯಲ್ಲಿ ಹೊರಗಿನ ಆಕಾರ ಅದೇ, ಒಳಗಿನ ಬೋರ್ಡು ಬೇರೆ. ಸೆಕೆಂಡ್ ಹ್ಯಾಂಡ್ ಪಂಪ್ ಅಂತೂ ಬೇಡವೇ ಬೇಡ.

ಗಾಳಿ ತೆಗೆಯುವುದು ಅರ್ಧ ಕೆಲಸ. ‘ಹೊಸ ಪಂಪೂ ಕೆಟ್ಟಿತು’ ಅನ್ನುವ ದೂರಿನ ಹಿಂದೆ ಹೆಚ್ಚಿನ ಸಲ ಇರುವುದು ಗಾಳಿಯೇ. ಒಳಗೆ ಗಾಳಿ ಸಿಕ್ಕಿಕೊಂಡರೆ ರೋಟರ್ ಬರಿದೇ ಜೋರಾಗಿ ತಿರುಗುತ್ತದೆ, ಹೇಳಿದ ವೇಗವೂ ಆಗುತ್ತಿರುವ ವೇಗವೂ ತಾಳೆಯಾಗದೆ ಕಾರಿನ ಕಂಪ್ಯೂಟರಿನಲ್ಲಿ 2ಇ81 ಎಂಬ ದೋಷದ ಕೋಡ್ ಬರುತ್ತದೆ, ಮುಂದುವರಿದರೆ ಪಂಪ್ ನಿಲ್ಲಿಸಿ 2ಇ82. ಹಾಗೆ ಒಣಗಿ ಓಡಿದಷ್ಟೂ ಹೊತ್ತು ಹೊಸ ಬುಷ್ ಸವೆಯುತ್ತಿರುತ್ತದೆ.

ನಾನು ಮಾಡುವ ಕ್ರಮ ಹೀಗೆ. ಮೊದಲು ಬ್ಯಾಟರಿಗೆ ಚಾರ್ಜರ್, ಇದನ್ನು ತಪ್ಪಿಸಬಾರದು. ಟ್ಯಾಂಕಿನಲ್ಲಿ ಕೂಲಂಟ್ ಇಳಿಯುವುದು ನಿಲ್ಲುವವರೆಗೂ ನಿಧಾನಕ್ಕೆ ತುಂಬಿ ಮುಚ್ಚಳ ಹಾಕುವುದು. ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್. ಹೆಡ್‌ಲೈಟ್ ಲೋ ಬೀಮ್ ಆನ್, ಇಲ್ಲದಿದ್ದರೆ ಇಗ್ನಿಷನ್ ತಾನೇ ಆಫ್ ಆಗುತ್ತದೆ. ಹೀಟರ್ ಪೂರಾ ಬಿಸಿಗೆ, ಬ್ಲೋವರ್ ಕನಿಷ್ಠಕ್ಕೆ. ಆಕ್ಸಿಲರೇಟರ್ ನೆಲಕ್ಕೆ ಮುಟ್ಟುವಂತೆ 10 ಸೆಕೆಂಡು ಒತ್ತಿ ಬಿಟ್ಟರೆ ಪಂಪ್ ತಾನಾಗಿ ಶುರುವಾಗಿ ಸುಮಾರು 12 ನಿಮಿಷ ಓಡುತ್ತದೆ. ಬಾನೆಟ್ ಹತ್ತಿರ ಕಿವಿ ಕೊಟ್ಟರೆ ಮೊದಲು ಗುಳುಗುಳು, ಆಮೇಲೆ ಒಂದೇ ಸಮನೆ ಗುಂಯ್ ಅನ್ನುವ ಸದ್ದು. ಮುಗಿದ ಮೇಲೆ ಮಟ್ಟ ನೋಡಿ ತುಂಬಿ, ಇನ್ನೊಮ್ಮೆ ಇಡೀ ಕ್ರಮ. ಗುಳುಗುಳು ನಿಲ್ಲದಿದ್ದರೆ ಮೂರನೆಯ ಸಲ. ಎರಡು ದಿನ ಓಡಿಸಿ, ತಣ್ಣಗಿರುವಾಗ ಮತ್ತೆ ಮಟ್ಟ ನೋಡುವುದು.

2ಇ84ರಂಥ ಸಂಪರ್ಕದ ಕೋಡ್ ಬಂದರೆ ತಕ್ಷಣ ಪಂಪ್ ಆರ್ಡರ್ ಮಾಡಬೇಡಿ. ಪಂಪಿಗೆ ಆಜ್ಞೆ ಹೋಗುವ ಬಿಎಸ್‌ಡಿ ಎಂಬ ಒಂಟಿ ವೈರಿನಲ್ಲೇ ಆಲ್ಟರ್ನೇಟರ್, ಬ್ಯಾಟರಿ ಸೆನ್ಸರ್, ಆಯಿಲ್ ಸೆನ್ಸರ್ ಕೂಡ ಕೂತಿವೆ. ಅವುಗಳಲ್ಲಿ ಯಾವುದಾದರೂ ಒಂದು ಶಾರ್ಟ್ ಆದರೆ ಪಂಪಿನ ಮೇಲೂ ದೂರು ಬೀಳುತ್ತದೆ. ಒಂದೊಂದನ್ನೇ ಕಳಚಿ, ಕೋಡ್ ಅಳಿಸಿ ನೋಡಬೇಕು.

335ಐನಂಥ ಕಾರುಗಳ ಮೀಟರಿನಲ್ಲಿ ಇರುವುದು ಆಯಿಲ್ ಬಿಸಿಯ ಮುಳ್ಳು. ಕೂಲಂಟಿಗೆ ಮುಳ್ಳಿಲ್ಲ, ಎಚ್ಚರಿಕೆ ದೀಪ ಮಾತ್ರ. ದೀಪ ಬರುವ ಹೊತ್ತಿಗೆ ತಡವಾಗಿರುತ್ತದೆ. ಕಾರಿನ ಕಂಪ್ಯೂಟರನ್ನು ಓದುವ ಒಬಿಡಿ ಅಡಾಪ್ಟರ್ ಸಿಕ್ಕಿಸಿ ಫೋನಿನಲ್ಲಿ ಕೂಲಂಟ್ ತಾಪಮಾನ ಇಟ್ಟುಕೊಂಡರೆ 112 ದಾಟಿ ಏರುವುದು ಕಣ್ಣಿಗೆ ಬೀಳುತ್ತದೆ. ಹಾಗೆ ಕಂಡರೆ ಹೀಟರ್ ಹಾಕಿ ಮನೆವರೆಗೆ ಹೋಗೋಣ ಅನ್ನುವ ಹಳೆಯ ಉಪಾಯ ಇಲ್ಲಿ ಕೆಲಸಕ್ಕೆ ಬಾರದು. ಪಂಪ್ ನಿಂತ ಮೇಲೆ ಹೀಟರಿಗೂ ಬಿಸಿನೀರು ಹೋಗುವುದಿಲ್ಲ. ಪಕ್ಕಕ್ಕೆ ನಿಲ್ಲಿಸಿ ಟೋ ಮಾಡಿಸುವುದೊಂದೇ ದಾರಿ. ಎಂಜಿನ್ನಿನ ಸಿಲಿಂಡರ್ ಹೆಡ್ ಬಿಸಿಗೆ ಬಾಗಿದರೆ ಬರುವ ಬಿಲ್ಲಿನ ಮುಂದೆ ಟೋ ಖರ್ಚು ಚಿಲ್ಲರೆ.

ಹಳೆಯ ಎಂಜಿನ್ನಿಗೆ ಹೊರಗಿನಿಂದ ಡೇವಿಸ್ ಕ್ರೇಗ್‌ನಂಥ ಪಂಪ್ ಹಾಕುವವರಿಗೆ ಒಂದೆರಡು ಮಾತು. ರೇಡಿಯೇಟರಿನ ಕೆಳ ಹೋಸಿನಲ್ಲಿ, ಆದಷ್ಟು ತಗ್ಗಿನಲ್ಲಿ ಕೂರಿಸಿ, ಗಾಳಿ ಅಲ್ಲಿ ನಿಲ್ಲುವುದಿಲ್ಲ. ರಿಲೇ, ಫ್ಯೂಸ್ ಪ್ರತ್ಯೇಕ ಇರಲಿ. ಕಂಟ್ರೋಲರ್ ಇಲ್ಲದೆ ಬರೀ ಸ್ವಿಚ್ಚಿನಲ್ಲಿ ಸದಾ ಪೂರಾ ವೇಗದಲ್ಲಿ ಓಡಿಸಿದರೆ ಪಂಪಿನ ಆಯಸ್ಸು ಸುಮ್ಮನೆ ಕರಗುತ್ತದೆ.

ಕೊಯಮತ್ತೂರಿನ ಕರಿ ಟ್ರ್ಯಾಕಿಗೋ ಚೆನ್ನೈ ಟ್ರ್ಯಾಕಿಗೋ ಹೋಗುವ ಕಾರಿಗೆ ಬ್ಯಾಟರಿ ಕಟ್-ಆಫ್ ಸ್ವಿಚ್ ಹಾಕಿಸಿದ್ದರೆ ಅದನ್ನು ತಿರುಗಿಸಲು ಆತುರಪಡಬೇಡಿ. ಎನ್54ರಲ್ಲಿ ಎಂಜಿನ್ ಆಫ್ ಆದ ಮೇಲೂ ಟರ್ಬೋಗಳನ್ನು ತಣಿಸಲು ಪಂಪ್ ಅರ್ಧ ಗಂಟೆವರೆಗೂ ಓಡಬಹುದು. ಆಗ ಕರೆಂಟ್ ಕಡಿದರೆ ಕೂಲಂಟ್ ಟರ್ಬೋದೊಳಗೇ ಕುದಿದು ಗಾಳಿಗುಳ್ಳೆ ಕಟ್ಟುತ್ತದೆ. ಪಂಪಿನ ಸದ್ದು ನಿಂತ ಮೇಲೆ ಸ್ವಿಚ್ ತಿರುಗಿಸಿ.