ಮೊದಲು ಬರಿಗೈ, ಆಮೇಲೆ ಗೊಂಬೆ

ಮಕ್ಕಳಿಗೆ ಕೈಗೆ ತೊಟ್ಟು ಆಡಿಸುವ ಗೊಂಬೆಯಾಟ ಕಲಿಸತೊಡಗಿದ ಮೊದಲ ವರ್ಷ ನಾನು ಮಾಡಿದ ತಪ್ಪೆಂದರೆ ಗೊಂಬೆಗಳನ್ನು ತೀರಾ ಚೆನ್ನಾಗಿ ಮಾಡಿಸಿದ್ದು. ಐದನೇ ತರಗತಿಯ ಮಕ್ಕಳು ಮೂರು ವಾರ ಕಾಗದ ಹರಿದು, ಅಂಟಿಸಿ, ಬಣ್ಣ ಬಳಿದು 14 ತಲೆಗಳನ್ನು ಸಿದ್ಧಪಡಿಸಿದರು. ಆಡಿಸುವುದನ್ನು ಕಲಿಯಲು ಉಳಿದದ್ದು ಎರಡೇ ದಿನ. ಪ್ರದರ್ಶನದಲ್ಲಿ ನಾಲ್ಕು ಗೊಂಬೆಗಳು ಒಟ್ಟಿಗೆ ಕುಣಿದವು; ಮಾತನಾಡುತ್ತಿರುವುದು ಯಾವುದೆಂದು ಯಾರಿಗೂ ತಿಳಿಯಲಿಲ್ಲ. ರಾಜನ ತಲೆ ಎಷ್ಟು ಭಾರವಾಗಿತ್ತೆಂದರೆ ಪಾಪ, ಅವನು ನಾಟಕದುದ್ದಕ್ಕೂ ನೆಲವನ್ನೇ ನೋಡುತ್ತ ಆಜ್ಞೆ ಹೊರಡಿಸಿದ.

ಈಗ ಮೊದಲ ವಾರ ಕತ್ತರಿ, ಅಂಟು ಹೊರಗೆ ಬರುವುದೇ ಇಲ್ಲ. ಪ್ರತಿ ಮಗುವಿನ ತೋರುಬೆರಳಿಗೆ ಕಾಗದದ ಒಂದು ಉಂಡೆ ಸಿಕ್ಕಿಸುತ್ತೇನೆ. ಆ ಬೆರಳೇ ಕುತ್ತಿಗೆ, ಹೆಬ್ಬೆರಳು ಮತ್ತು ನಡುಬೆರಳು ಎರಡು ಕೈ. ಕಣ್ಣು ಮೂಗಿಲ್ಲದ ಈ ಉಂಡೆ ಯಾರೋ ಬಾಗಿಲು ತಟ್ಟಿದ್ದನ್ನು ಕೇಳಿಸಿಕೊಳ್ಳಬೇಕು, ಹೆದರಬೇಕು, ಕಳೆದುಹೋದ ಚಪ್ಪಲಿ ಹುಡುಕಬೇಕು, ಅದೂ ಮಾತಿಲ್ಲದೆ. ಆಮೇಲೆ ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸುತ್ತೇನೆ. ಮಾತನಾಡುವ ಗೊಂಬೆ ಮಾತ್ರ ಅಲುಗಬೇಕು. ಕೇಳುವ ಗೊಂಬೆ ಅದರತ್ತ ಮುಖ ಮಾಡಿ ಸುಮ್ಮನಿರಬೇಕು. ಇದನ್ನು ಹೇಳುವುದು ಸುಲಭ. ಹತ್ತು ವರ್ಷದವರ ಕೈಯನ್ನು ಅರ್ಧ ನಿಮಿಷ ಸುಮ್ಮನಿರಿಸಲು ನನಗೆ ನಾಲ್ಕು ತರಗತಿಗಳು ಬೇಕಾದವು.

ತಲೆ ಮಾಡುವುದು ಎರಡನೇ ವಾರದ ಕೆಲಸ. ರಟ್ಟನ್ನು ಮಗುವಿನದೇ ತೋರುಬೆರಳಿಗೆ ಸುತ್ತಿ ಐದಾರು ಸೆಂಟಿಮೀಟರ್ ಉದ್ದದ ಕೊಳವೆ ಮಾಡಬೇಕು. ಹಿಂದೆ ನನ್ನ ಬೆರಳಿನ ಅಳತೆಗೆ ಮಾಡಿದ್ದೆ, ಎಲ್ಲ ತಲೆಗಳೂ ಗಿರಗಿರ ತಿರುಗಿದವು. ಕೊಳವೆಯ ತುದಿಗೆ ಹಳೆಯ ಪತ್ರಿಕೆಯ ಹಗುರವಾದ ಉಂಡೆ ಕೂರಿಸಿ, ಮೈದಾ ಅಂಟಿನಲ್ಲಿ ಅದ್ದಿದ ಕಾಗದದ ಪಟ್ಟಿಗಳನ್ನು ನಾಲ್ಕು ಪದರ ಹಚ್ಚುತ್ತೇವೆ. ಒಂದು ಪದರ ಅಚ್ಚಾದ ಕಾಗದದ್ದಾದರೆ ಮುಂದಿನದು ಬಿಳಿ ಹಾಳೆಯದು. ಎಲ್ಲಿ ಬಿಟ್ಟುಹೋಗಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಆತುರಪಟ್ಟು ಒಂದೇ ದಿನ ದಪ್ಪಗೆ ಮೆತ್ತಿದರೆ ಹೊರಗೆ ಒಣಗಿ ಒಳಗೆ ಹಸಿಯಾಗಿಯೇ ಉಳಿದು ಬೂಷ್ಟು ಹಿಡಿಯುತ್ತದೆ.

ಮಕ್ಕಳು ಕಣ್ಣುಗಳನ್ನು ಹಣೆಯಲ್ಲಿ ಬರೆಯುತ್ತಾರೆ. ತಮ್ಮದೇ ನೆತ್ತಿಯನ್ನೂ ಗಲ್ಲವನ್ನೂ ಮುಟ್ಟಿ ನೋಡಿಕೊಂಡರೆ ಕಣ್ಣು ಸರಿಸುಮಾರು ನಡುವೆ ಇರುವುದು ಗೊತ್ತಾಗುತ್ತದೆ. ಬಣ್ಣ ಹಚ್ಚಿದ ಮೇಲೆ ತಲೆಯನ್ನು ಕೋಣೆಯ ಒಂದು ತುದಿಯಲ್ಲಿಟ್ಟು ಇನ್ನೊಂದು ತುದಿಯಿಂದ ನೋಡುತ್ತೇವೆ. ಪ್ರೀತಿಯಿಂದ ಬರೆದ ರೆಪ್ಪೆಗೂದಲು ಅಲ್ಲಿಗೆ ಕಾಣುವುದಿಲ್ಲ, ದೊಡ್ಡ ಮೂಗು ಕಾಣುತ್ತದೆ. ಇನ್ನು ಅಂಗಿ: ಬೆರಳುಗಳನ್ನು ಅಗಲಿಸಿದ ಕೈಯನ್ನು ಬಟ್ಟೆಯ ಮೇಲಿಟ್ಟು, ಸುತ್ತಲೂ ಎರಡು ಬೆರಳಿನಷ್ಟು ಜಾಗ ಬಿಟ್ಟು ಕತ್ತರಿಸಿದರೆ ಸಾಕು. ಮೊಣಕೈವರೆಗೆ ಉದ್ದವಿರಲಿ.

ಪರದೆ ಕಟ್ಟುವುದರಲ್ಲಿ ಒಂದು ಸಿಕ್ಕು ಇದೆ. ಅತಿ ಎತ್ತರದ ಮಗುವಿನ ತಲೆ ಮರೆಯಾಗಬೇಕು, ಅತಿ ಕುಳ್ಳ ಮಗುವಿನ ಕೈ ಮೇಲೆ ಕಾಣಬೇಕು. ಕುಳ್ಳಗಿರುವವರನ್ನು ಗಟ್ಟಿಯಾದ ತಗ್ಗು ಮಣೆಯ ಮೇಲೆ ನಿಲ್ಲಿಸುತ್ತೇನೆ. ಎತ್ತಿದ ಕೈ ಮೂರು ನಿಮಿಷಕ್ಕೆಲ್ಲ ಸೋಲುತ್ತದೆ, ಗೊಂಬೆಗಳು ನೀರಿಗಿಳಿದಂತೆ ಮುಳುಗತೊಡಗುತ್ತವೆ. ಹಾಗಾಗಿ ನಮ್ಮ ನಾಟಕ ಆರು ನಿಮಿಷ ಮೀರುವುದಿಲ್ಲ, ಯಾವ ಗೊಂಬೆಯೂ ಎರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಮೇಲಿರುವುದಿಲ್ಲ. ಸಂಭಾಷಣೆ ಬರೆದುಕೊಡುವುದನ್ನೂ ಬಿಟ್ಟಿದ್ದೇನೆ. ಕತೆಯ ಘಟನೆಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಪರದೆಯ ಒಳಮೈಗೆ ಚುಚ್ಚಿಡುತ್ತೇವೆ, ಮಾತು ಅವರದೇ.

ಕಳೆದ ಸಲ ತರಗತಿಯ ಮಹಾ ಮಾತುಗಾರ ಆಮೆಯನ್ನು ಆಡಿಸಿದ. ಪರದೆಯ ಹಿಂದೆ ನಿಂತೊಡನೆ, ಎದುರಿಗಿರುವವರ ಮುಖ ಕಾಣದೆ, ಅವನ ಬಾಯಿ ಕಟ್ಟಿತು. ಮೊಲ ಪ್ರಶ್ನೆ ಕೇಳಿ ಕಾಯುತ್ತಿತ್ತು. ಆಮೆ ನಿಧಾನವಾಗಿ ಸಭೆಯ ಕಡೆ ತಿರುಗಿತು, ಎಲ್ಲರನ್ನೂ ನೋಡಿತು, ಅಷ್ಟೇ ನಿಧಾನವಾಗಿ ಮೊಲದ ಕಡೆ ತಿರುಗಿತು. ಸಭೆ ಬಿದ್ದು ಬಿದ್ದು ನಕ್ಕಿತು. ಮುಂದಿನ ಪ್ರದರ್ಶನದಲ್ಲಿ ಹಾಗೆ ನಾಲ್ಕು ಸಲ ತಿರುಗುತ್ತೇನೆ ಎಂದು ಹಟ ಹಿಡಿದ. ಎರಡಕ್ಕೆ ಒಪ್ಪಿಸುವಷ್ಟರಲ್ಲಿ ಸಾಕಾಯಿತು.